ಎರಡು ಹೆಸರಿನ ಅಪ್ಪ

ಖಾಕಿ ಅಂಗಿ ಕಂಡರೆ ಸಾಕು, ನಮ್ಮಪ್ಪ ಹಿತ್ತಲಿಗೆ ನಡೆದುಬಿಡುತ್ತಿದ್ದ. ಬಂದವನು ಟಪಾಲಿನವನೇ ಆಗಿರಲಿ, ಅವನು ಓಣಿ ದಾಟುವ ತನಕ ಅಪ್ಪನಿಗೆ ಅಲ್ಲೇ ಏನಾದರೂ ಕೆಲಸ ಇರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬಸರಾದ ಲಡಾಯಿಯಿಂದ ಜೀವಂತ ತಿರುಗಿ ಬಂದ ಸಿಪಾಯಿಯ ಧೈರ್ಯ ಇಷ್ಟೇ ಏನು ಎಂದು ಮೂಡಲಗಿಯ ನಮ್ಮ ಓಣಿ ನಗುತ್ತಿತ್ತು. ಅವ್ವ ಮಾತ್ರ ನಗುತ್ತಿರಲಿಲ್ಲ. "ತಪ್ಪ ಮಾಡಿದವರು ಹಿಂಗ ಅಡಗತಾರ" ಎನ್ನುತ್ತಿದ್ದಳು.

ಅಪ್ಪ ಗೋಕಾಕದ ಪೇಟೆಯಲ್ಲಿ ಹಮಾಲ. ಮದುವೆಯಾದ ವರ್ಷವೇ ಪಲ್ಟಣ ಸೇರಿ, ಲಡಾಯಿ ಮುಗಿದ ಮೇಲೆ ಮತ್ತೆ ಅದೇ ಕೆಲಸಕ್ಕೆ ಬಂದಿದ್ದ. ಹತ್ತಿಯ ಅಂಡಿಗೆ ಹೊತ್ತು ಹೊತ್ತು ಹೆಗಲು ಒಂದು ಕಡೆ ಇಳಿದಿತ್ತು. ಆದರೆ ಹೊದೆಯುವ ಕೌದಿಯನ್ನು ಪಲ್ಟಣದಲ್ಲಿ ಕಲಿತಂತೆ ನಾಲ್ಕೂ ಮೂಲೆ ಕೂಡಿಸಿಯೇ ಮಡಚಬೇಕು. ನಾವು ಮಡಚಿದ್ದು ಅವನಿಗೆ ಸೇರುತ್ತಿರಲಿಲ್ಲ. ಬಿಚ್ಚಿ ಮತ್ತೆ ತಾನೇ ಮಡಚುವನು. ಲಡಾಯಿಯ ಕಥೆ ಕೇಳಿದರೆ "ಅಲ್ಲಿ ಉಸುಕು ಬಾಳ" ಎಂದಷ್ಟೇ ಹೇಳಿ ಎದ್ದು ಹೋಗುವನು. ಅವನದೊಂದು ತಗಡಿನ ಟ್ರಂಕು ಇತ್ತು. ಅದರ ಕೀಲಿ ಸದಾ ಅವನ ಉಡದಾರದಲ್ಲಿ.

ಅವ್ವನ ಸಂಶಯ ಗಟ್ಟಿಯಾದದ್ದು ಹುಕ್ಕೇರಿಯಲ್ಲಿ, ಸೋದರತ್ತೆಯ ಮಗಳ ಮದುವೆಗೆ ಹೋದಾಗ. ಬಜಾರದಲ್ಲಿ ಹಿಂದಿನಿಂದ ಯಾರೋ "ಶಿವರಾಮ" ಎಂದು ಕೂಗಿದರು. ಮಲ್ಲಪ್ಪನೆಂಬ ನಮ್ಮಪ್ಪ ಗಕ್ಕನೆ ತಿರುಗಿ ಹಿಮ್ಮಡಿ ಕೂಡಿಸಿ ನಿಂತ. ಕೆಂಪು ರುಮಾಲಿನವನೊಬ್ಬ ಬಂದು ಅವನನ್ನು ತಬ್ಬಿಕೊಂಡು, ಮರಾಠಿಯಲ್ಲಿ ಏನೇನೋ ಮಾತಾಡಿ ಹೋದ.

"ಶಿವರಾಮ ಯಾರು?" ಅವ್ವ ಕೇಳಿದಳು.

"ಆಂವಗ ಕಣ್ಣ ಕಾಣಂಗಿಲ್ಲ."

"ಆಂವಗ ಕಾಣಂಗಿಲ್ಲ, ಖರೆ. ನೀವ್ಯಾಕ ತಿರುಗಿದ್ರಿ?"

ಅಪ್ಪ ಆಗಲೇ ಮದುವೆ ಮನೆಯ ಕಡೆ ನಡೆದಿದ್ದ. ಕೊಲ್ಲಾಪುರದ ಕಡೆ ಅವನಿಗೆ ಇನ್ನೊಂದು ಮನೆ, ಇನ್ನೊಬ್ಬ ಹೆಂಡತಿ ಇದ್ದಾಳೆಂದು ಅವ್ವ ಅಂದೇ ತೀರ್ಮಾನಿಸಿದಳು. ಆಮೇಲೆ ಅವನು ಆ ದಾರಿಯ ಸಂಕೇಶ್ವರಕ್ಕೆ ಹೋಗಿ ಬಂದರೂ ಧೋತರ ಮೂಸಿ ನೋಡುವಳು. ಅವಳ ಮಾತು ಕೇಳಿ ಕೇಳಿ ನನಗೂ ಅಪ್ಪನ ಮೇಲೆ ಅನುಮಾನ ಹತ್ತಿತು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಇನ್ನೊಂದು ಮಹಾಯುದ್ಧ ನಡೆದಿದ್ದಾಗ ಅಪ್ಪ ತೀರಿಕೊಂಡ. ಆಗ ನಾನು ಗೋಕಾಕದಲ್ಲಿ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದೆ, ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಮಣ್ಣು ಮಾಡಿದ ಮೂರನೆಯ ದಿನ ಅವ್ವ ಟ್ರಂಕು ತೆಗೆಸಿದಳು. ಒಳಗೆ ಪಲ್ಟಣದಿಂದ ಅವನು ಬಿಡುಗಡೆಯಾದದ್ದರ ಇಂಗ್ಲಿಷ್ ಕಾಗದ. ಹೆಸರು ಶಿವರಾಮ, ಜಾತಿ ಮರಾಠಾ. ಆ ಪಲ್ಟಣಕ್ಕೆ ಮರಾಠರನ್ನಷ್ಟೇ ಸೇರಿಸಿಕೊಳ್ಳುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟುವ ಮನೆಯ ಹಮಾಲ ಸರಕಾರಕ್ಕೆ ಸುಳ್ಳು ಹೇಳಿ ಸೇರಿದ್ದ. ಹಿಡಿದಾರೆಂಬ ಹೆದರಿಕೆಯಲ್ಲೇ ಆಯುಷ್ಯ ಕಳೆದಿದ್ದ. ತಂದೆಯ ಹೆಸರೂ ಸುಳ್ಳು, ಊರೂ ಸುಳ್ಳು. ಹೆಂಡತಿ ಎಂಬಲ್ಲಿ ಮಾತ್ರ ಅವ್ವನದೇ ಹೆಸರು. ಮರಾಠರ ರೀತಿಯಲ್ಲಿ ಗಂಗಾಬಾಯಿ ಎಂದೂ ಅಲ್ಲ, ಗಂಗವ್ವ.

ಅವ್ವ ನಂಬಲಿಲ್ಲ. "ನೀ ಅಪ್ಪನ ಮಗಳು. ಇಲ್ಲದ್ದ ಓದಾಕತ್ತಿ" ಎಂದು ಕಾಗದ ಕಸಿದುಕೊಂಡಳು.

ಮರುವಾರ ಗೋಕಾಕಕ್ಕೆ ಬಂದವಳು ಕೋರ್ಟಿನ ಮುಂದೆ ಅರ್ಜಿ ಬರೆಯುವ, ನಮ್ಮ ಗುರುತೇ ಇಲ್ಲದ ಮುದುಕನೊಬ್ಬನ ಎದುರು ಕುಳಿತಳು. ನಾನು ಬಾಯಿ ಹಾಕದಂತೆ ನನ್ನನ್ನು ನಾಲ್ಕು ಮಾರು ದೂರ ನಿಲ್ಲಿಸಿದ್ದಳು. ಆತ ಒಂದೊಂದೇ ಓದಿ, "ಹೆಂಡ್ತಿ, ಗಂಗವ್ವ" ಎಂದ.

"ಬ್ಯಾರೆ ಯಾರದರ ಹೆಸರ ಐತೇನ್ರಿ?"

"ಇಲ್ಲ ಯವ್ವಾ, ಇದೊಂದ ಐತಿ."

"ಇನ್ನೊಮ್ಮಿ ನೋಡ್ರಿ."

ಆತ ಮತ್ತೆ ನೋಡಿದ. ಆಮೇಲೆ ಕಣ್ಣಿನ ಚಾಳೀಸು ತೆಗೆದು, "ಈ ಶಿವರಾಮ ನಿಮಗೇನಾಗಬೇಕ್ರಿ?" ಎಂದು ಕೇಳಿದ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮ ಮನಿಯವರ್ರಿ" ಎಂದಳು.