ಜುಪಾರಳ ಐವತ್ತೈದು ದಿನ

ತರಾಜ್ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲ ಸುದ್ದಿ ಜುಪಾರಳಿಗೆ ಹೋಗುತ್ತದೆ. ಉಣ್ಣೆ ತುಂಬಿ ಹೊಲಿದ ದಪ್ಪ ಹಾಸು, ಅಂದರೆ ಕೊರ್ಪೆ, ಇಲ್ಲದೆ ಇಲ್ಲಿ ಯಾರೂ ಮಗಳನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಜುಪಾರಳಿಗೆ ಈಗ ನಲವತ್ತಮೂರು. ಬಣ್ಣದ ಬಟ್ಟೆಯ ಚೂರುಗಳನ್ನು ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಉಣ್ಣೆಯನ್ನು ಕೋಲಿನಿಂದ ಬಡಿದು ಹಿಂಜುವ ಕೆಲಸ ಅತ್ತೆ ಕಾತಿಪಾ ಅವರದು. ಗಂಡ ಕುವಾಟ್ ಬಸ್ ಓಡಿಸುತ್ತಾನೆ.

ನಮ್ಮಲ್ಲಿ ಸೊಸೆಯಾದವಳು ಗಂಡನ ಕಡೆಯವರನ್ನು ಹೆಸರು ಹಿಡಿದು ಕರೆಯುವಂತಿಲ್ಲ. ತಾನೇ ಒಂದು ಹೆಸರು ಕಟ್ಟಿ ಕರೆಯಬೇಕು. ಚಳಿಗಾಲದಲ್ಲಿ ಮನೆಗೆ ಬಂದ ಕ್ರೆಡಿಟ್ ಕಾರ್ಡಿಗೂ ಜುಪಾರ್, ಮೈದುನನಿಗೆ ಇಡುವ ಹಾಗೆ, ‘ಚಿಕ್ಕ ಮಿರ್ಜಾ’, ಅಂದರೆ ಚಿಕ್ಕ ಧಣಿ, ಎಂದು ಹೆಸರಿಟ್ಟಳು.

“ಖರ್ಚು ಮಾಡೋದು ಅವನು, ದುಡಿದು ತೀರಿಸೋದು ನಾನು. ಮೈದುನ ಅಲ್ದೆ ಇನ್ನೇನು?” ಎಂಬುದು ಅವಳ ವಾದ.

ವಸಂತದಲ್ಲಿ ಚಿಕ್ಕ ಮಿರ್ಜಾ ಒಮ್ಮೆ ಕೈಕೊಟ್ಟ. ತೊಂಬತ್ತು ಸಾವಿರ ತೆಂಗೆಯ ಬಟ್ಟೆ ತಂದಿದ್ದಳು. ಕಟ್ಟಲು ಕಡೆಯ ದಿನ ಮಂಗಳವಾರವಿತ್ತು, ಹಣವೂ ಕೈಯಲ್ಲಿತ್ತು. ಆದರೆ ಒಳ್ಳೆಯ ಕೆಲಸಕ್ಕೆ ಬುಧವಾರವೇ ಆಗಬೇಕು ಎನ್ನುವವರು ನಾವು. ಅತ್ತೆ ಸೊಸೆ ಇಬ್ಬರೂ ಸಮಾಧಾನವಾಗಿ ಒಂದು ದಿನ ಕಾದು, ಬುಧವಾರ ಬೆಳಿಗ್ಗೆ ಬಿಸ್ಮಿಲ್ಲಾ ಹೇಳಿ ಕಟ್ಟಿದರು. ಬ್ಯಾಂಕು ಬಟ್ಟೆ ಕೊಂಡ ದಿನದಿಂದ ಲೆಕ್ಕ ಹಾಕಿ ನಾಲ್ಕು ಸಾವಿರದ ಎಂಟುನೂರು ತೆಂಗೆ ಬಡ್ಡಿ ಹಾಕಿತು.

“ಒಂದು ಕಿಲೋ ಕುದುರೆ ಮಾಂಸ ಬರ್ತಿತ್ತು. ಬುಧವಾರ ತಿಂದ್ಕೊಂಡು ಹೋಯ್ತು” ಎಂದ ಕುವಾಟ್.

“ಬಾಯ್ಮುಚ್ಚೋ, ನೀನು ಹುಟ್ಟಿದ್ದೂ ಬುಧವಾರಾನೇ” ಎಂದರು ಕಾತಿಪಾ.

ಆಗಸ್ಟ್ ಕೊನೆಯಲ್ಲಿ ದೊಡ್ಡ ಕೆಲಸ ಬಂತು. ಮಾರುಕಟ್ಟೆಯಲ್ಲಿ ಒಣಹಣ್ಣು ಮಾರುವ ಮಾಯ್ರಾ ತನ್ನ ಮಗಳ ಮದುವೆಗೆ ಮೂವತ್ತು ಕೊರ್ಪೆ ಕೇಳಿದಳು. ಅಕ್ಟೋಬರ್ ಹತ್ತಕ್ಕೆ ಮದುವೆ. ಅಂದೇ ಪೂರ್ತಿ ಹಣ. ಮೂವತ್ತು ಕೊರ್ಪೆಯ ಉಣ್ಣೆಯನ್ನು ಕೋಲಿನಲ್ಲಿ ಹಿಂಜಲು ಎಪ್ಪತ್ತೊಂದರ ಕಾತಿಪಾ ಅವರ ಭುಜಕ್ಕೆ ಆಗುವುದಿಲ್ಲ. ಹಿಂಜುವ ವಿದ್ಯುತ್ ಯಂತ್ರವೊಂದು ಅಂಗಡಿಯಲ್ಲಿತ್ತು. ಬೆಲೆ ಎರಡು ಲಕ್ಷ ತೆಂಗೆ. ಕೈಯಲ್ಲಿ ಅಷ್ಟಿಲ್ಲ, ಕಾರ್ಡಿನಲ್ಲಿತ್ತು. ಮಾಯ್ರಾಳ ಹಣ ಬರುವವರೆಗೆ ಬಡ್ಡಿ ಬೀಳದಿದ್ದರೆ ಯಂತ್ರದ ಸಾಲ ತೀರಿ ಲಾಭ ಪೂರ್ತಿ ಉಳಿಯುತ್ತದೆ, ಬಿದ್ದರೆ ಲಾಭದಲ್ಲಿ ಬ್ಯಾಂಕಿಗೂ ಪಾಲು.

“ಒಂಬತ್ತನೇ ತಾರೀಕು ಬುಧವಾರ. ಅವತ್ತೇ ತರೋಣ. ಐವತ್ತೈದು ದಿನ ಬಡ್ಡಿ ಇಲ್ಲ ಅಂತ ಆ ಬ್ಯಾಂಕಿನ ಹುಡುಗಿ ಹೇಳಿಲ್ವಾ?” ಎಂದರು ಕಾತಿಪಾ. ಅಂಗಡಿಯ ಮುದುಕನಿಗೂ ಮಾತು ಕೊಟ್ಟು ಬಂದರು.

ಒಮ್ಮೆ ಪೆಟ್ಟು ತಿಂದ ಜುಪಾರ್ ಈ ಸಲ ನೇರವಾಗಿ ಬ್ಯಾಂಕಿಗೆ ಹೋದಳು. ಹುಡುಗಿ ಕಾಗದದ ಮೇಲೆ ಗೆರೆ ಎಳೆದು ಹೇಳಿದಳು: ಪ್ರತಿ ತಿಂಗಳು ಹತ್ತಕ್ಕೆ ಬಿಲ್ ಮುಗಿಯುತ್ತದೆ. ಅಲ್ಲಿಂದ ಇಪ್ಪತ್ತೈದು ದಿನದೊಳಗೆ ಆ ಬಿಲ್ಲಿನ ಹಣವನ್ನು ಪೂರ್ತಿ ಕಟ್ಟಬೇಕು. ಜುಪಾರ್ ತಲೆಯಾಡಿಸಿ ಹೊರಗೆ ಬಂದಳು. ಬಸ್ ಹತ್ತುವಷ್ಟರಲ್ಲಿ ಎಲ್ಲ ಕಲಸಿಹೋಯಿತು.

ಮನೆಗೆ ಬಂದು ಬಟ್ಟೆಚೂರುಗಳ ಮೂಟೆ ಬಿಚ್ಚಿದಳು. ಆಗಸ್ಟ್ ಹನ್ನೊಂದರಿಂದ ಸೆಪ್ಟೆಂಬರ್ ಹತ್ತರವರೆಗೆ, ದಿನಕ್ಕೊಂದರಂತೆ, ಮೂವತ್ತೊಂದು ನೀಲಿ ಚೂರುಗಳನ್ನು ಒಂದೇ ಸಾಲಿನಲ್ಲಿ ಹೊಲಿದಳು. ಅದರ ತುದಿಗೆ ಇಪ್ಪತ್ತೈದು ಕೆಂಪು. ನೀಲಿ ಎಂದರೆ ಕೊಳ್ಳುವ ದಿನ, ಕೆಂಪು ಎಂದರೆ ತೀರಿಸುವ ದಿನ. ಆಮೇಲೆ ಒಂಬತ್ತನೇ ತಾರೀಕಿನ ಚೂರಿಗೆ ಒಂದು ಗುಂಡುಪಿನ್ನು ಚುಚ್ಚಿದಳು.

“ಅಪಾ, ಇಲ್ಲಿ ಬನ್ನಿ. ಪಿನ್ನಿಂದ ಎಣಿಸಿ” ಎಂದು ಅತ್ತೆಯನ್ನು ಕರೆದಳು.

ಕಾತಿಪಾ ಕನ್ನಡಕ ಏರಿಸಿ ಬೆರಳಿಟ್ಟು ಎಣಿಸಿದರು. “ನೀಲಿ ಎರಡೇ ಉಳೀತು ಕಣೇ.”

“ಕೆಂಪು?”

“ಇಪ್ಪತ್ತೈದು. ಎಲ್ಲಾ ಸೇರಿ ಇಪ್ಪತ್ತೇಳು. ಮಿಕ್ಕಿದ್ದೆಲ್ಲಿ ಹೋಯ್ತು?”

“ಪಿನ್ನಿನ ಹಿಂದೆ ಉಳೀತು. ಬುಧವಾರ ತಂದ್ರೆ ಅಕ್ಟೋಬರ್ ಐದಕ್ಕೇ ಕಟ್ಬೇಕು. ಮಾಯ್ರಾ ಕೊಡೋದು ಹತ್ತಕ್ಕೆ.”

ನಂತರ ಜುಪಾರ್ ಇನ್ನೊಂದು ಸಾಲು ಹಾಸಿದಳು. ಸೆಪ್ಟೆಂಬರ್ ಹನ್ನೊಂದರಿಂದ ಅಕ್ಟೋಬರ್ ಹತ್ತರವರೆಗೆ ಮೂವತ್ತು ನೀಲಿ, ಮತ್ತೆ ಇಪ್ಪತ್ತೈದು ಕೆಂಪು. ಪಿನ್ನನ್ನು ತೆಗೆದು ಮೊದಲ ಚೂರಿಗೆ ಚುಚ್ಚಿದಳು. ಈ ಸಲ ಕಾತಿಪಾ ಎಣಿಸುತ್ತಲೇ ಹೋದರು. ಐವತ್ತೈದಕ್ಕೆ ಬೆರಳು ನಿಂತಿತು. ಅದು ನವೆಂಬರ್ ನಾಲ್ಕು.

“ಎರಡು ದಿನ ತಡೆದ್ರೆ ಒಂದು ತಿಂಗಳು ಜಾಸ್ತಿ ಕೊಡ್ತಾರಾ? ಇದ್ಯಾವ ಸೀಮೆ ಬ್ಯಾಂಕೇ!”

“ಹನ್ನೊಂದು ಶುಕ್ರವಾರ, ಅಪಾ. ಜುಮ್ಮಾ ದಿನ. ಕೆಟ್ಟದ್ದೇನಲ್ವಲ್ಲ?”

“ಕೆಟ್ಟದ್ದು ಅಂತ ಯಾರಂದ್ರು? ಆದ್ರೆ ಶುರು ಮಾಡೋದು ಬುಧವಾರಾನೇ. ಮುದುಕನಿಗೆ ಮಾತು ಬೇರೆ ಕೊಟ್ಟಿದೀನಿ.” ಕಾತಿಪಾ ಮುಖ ಊದಿಸಿಕೊಂಡು ಚಹಾ ಕುಡಿದರು. ಎರಡನೇ ಬಟ್ಟಲು ಮುಗಿಯುವಾಗ ಮುಖ ಅರಳಿತು. “ಏ ಕೆಲಿನ್, ಶುರು ಮಾಡೋಕೆ ದುಡ್ಡು ಯಾಕೆ ಕೊಡ್ಬೇಕು?” ಅವರು ಸೊಸೆಯನ್ನು ಕರೆಯುವುದೇ ಕೆಲಿನ್ ಎಂದು.

ಬುಧವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ತಲೆಗೆ ಹೊಸ ವಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದರು. ಕಾತಿಪಾ ಯಂತ್ರದ ಮೇಲೆ ಕೈಯಿಟ್ಟು ಹಾರೈಸಿ, ಸೆರಗಿನಂತೆ ಹಿಡಿದಿದ್ದ ವಲ್ಲಿಯ ತುದಿಯಿಂದ ಹಿಡಿ ಹಿಡಿಯಾಗಿ ಮಿಠಾಯಿ ತೆಗೆದು ಅದರ ಮೇಲೆ ಎರಚಿದರು. ಶುಭಕಾರ್ಯದ ಮಿಠಾಯಿ ಸಿಕ್ಕವರ ಮನೆಗೂ ಶುಭವೇ. ಗಿರಾಕಿಗಳು, ಪಕ್ಕದ ಅಂಗಡಿಯವರು, ಮುದುಕ ಕೂಡ ನೆಲಕ್ಕೆ ಬಗ್ಗಿ ಆರಿಸತೊಡಗಿದರು.

“ದುಡ್ಡು, ಅಕ್ಕಾ?” ಎಂದ ಮುದುಕ, ಬಾಯಲ್ಲಿ ಮಿಠಾಯಿ ಇಟ್ಟುಕೊಂಡೇ.

“ನಾಡಿದ್ದು ಶುಕ್ರವಾರ. ಮಿಠಾಯಿ ತಿಂದಾಯ್ತಲ್ಲ, ಈಗ ಬೇರೆಯವರಿಗೆ ಕೊಟ್ರೆ ನೋಡು!”

“ಆಹಾ, ಅಡ್ವಾನ್ಸ್ ತಿನ್ಸಿಬಿಟ್ರಲ್ಲ!” ಎಂದು ಮುದುಕ ನಗುತ್ತ ಯಂತ್ರಕ್ಕೆ ಚೀಟಿ ಅಂಟಿಸಿದ.

ಶುಕ್ರವಾರ ಕಾರ್ಡು ಕೊಟ್ಟು ಯಂತ್ರ ತಂದರು. ಕುವಾಟ್ ಸ್ವಿಚ್ ಹಾಕಿದೊಡನೆ ಉಣ್ಣೆ ಮೋಡದ ಹಾಗೆ ಹಾರಿತು. ಅವನ ಮೀಸೆ, ಹುಬ್ಬು ಎಲ್ಲ ಬೆಳ್ಳಗಾಯಿತು.

“ನಿಮ್ಮಪ್ಪ ಹೀಗೇ ಇದ್ರು” ಎಂದು ಕಾತಿಪಾ ನಕ್ಕರು. ಇಷ್ಟು ವರ್ಷ ಬಡಿದ ಕೋಲನ್ನು ಪಕ್ಕಕ್ಕಿಟ್ಟು ಭುಜ ತಿರುಗಿಸಿ ನೋಡಿಕೊಂಡರು.

ಮೂವತ್ತು ಕೊರ್ಪೆ ಮದುವೆಗೆ ನಾಲ್ಕು ದಿನ ಮೊದಲೇ ಮುಗಿದವು. ಹತ್ತನೇ ತಾರೀಕು ಮದುವೆ ಮನೆಯಲ್ಲಿ ಅವುಗಳನ್ನು ಚಾವಣಿ ಮುಟ್ಟುವಂತೆ ಪೇರಿಸಿದಾಗ ಬೀಗಿತ್ತಿಯರು ಸಾಲಾಗಿ ಬಂದು ಮುಟ್ಟಿ ನೋಡಿದರು. ಮಾಯ್ರಾ ಅಲ್ಲೇ ಪೂರ್ತಿ ಹಣ ಎಣಿಸಿಕೊಟ್ಟಳು.

ಸೋಮವಾರ ಮಧ್ಯಾಹ್ನ ಚಹಾ ಹೊತ್ತಿಗೆ ಜುಪಾರ್ ಫೋನ್ ತೆರೆದಳು. ಬಿಲ್ ಬಂದಿತ್ತು. ಎರಡು ಲಕ್ಷ. ಬಡ್ಡಿಯ ಸಾಲಿನಲ್ಲಿ ಸೊನ್ನೆ. ಅತ್ತೆಗೆ ತೋರಿಸಿದಳು.

“ನವೆಂಬರ್ ನಾಲ್ಕರವರೆಗೆ ಟೈಮಿದೆ, ಅಪಾ. ಬುಧವಾರ ಬರೋವರೆಗೆ ಕಾಯೋಣ್ವಾ?”

ಕಾತಿಪಾ ಬಟ್ಟಲು ಕೆಳಗಿಟ್ಟರು. “ಇವತ್ತು ಕೈಯಲ್ಲಿದೆ, ನಾಳೆ ನಿನ್ನ ಗಂಡ ಬಸ್ಸಿಗೆ ಟಯರ್ ಅಂತಾನೆ. ಒತ್ತೇ ಗುಂಡಿ!”

ಜುಪಾರ್ ಒತ್ತಿದಳು. ಹಣ ಸಂದಾಯವಾಯಿತೆಂದು ಫೋನ್ ಸದ್ದು ಮಾಡಿತು. ಯಂತ್ರ ಈಗ ಪೂರ್ತಿ ಅವರದು. ಕಾತಿಪಾ ಎದ್ದು ಹೋಗಿ ಅದರ ಮೇಲಿನ ಧೂಳನ್ನು ತಮ್ಮ ವಲ್ಲಿಯಿಂದಲೇ ಒರೆಸಿದರು. ಆಮೇಲೆ ಬಾಗಿಲಲ್ಲಿ ನಿಂತು, ಬೀದಿಯ ಆಚೆ ಬದಿಯಲ್ಲಿದ್ದ ನನಗೂ ಕೇಳುವಂತೆ ಕೂಗಿದರು:

“ಮಗಳು ಮದುವೆ ವಯಸ್ಸಿಗೆ ಬಂದಿರೋರು ಯಾರಾದ್ರೂ ಇದ್ರೆ ಕಳಿಸ್ರೋ! ಉಣ್ಣೆ ನಾವೇ ಹಿಂಜಿ ಕೊಡ್ತೀವಿ!”