ಎದೆಯಿಂದ ಒಂದು ಮೊಳ ದೂರ

ಬೆಳಗಿನ ಐದು ಗಂಟೆ. ಬೀದಿಗೆ ಇನ್ನೂ ಹಾಲಿನ ಗಾಡಿಯೂ ಬಂದಿಲ್ಲ. ಅರ್ಧ ಎತ್ತಿದ ಶಟರಿನ ಹಿಂದೆ ಸ್ಪೀಕರ್ ಮಾಮ ಪೊರಕೆಯ ಉದ್ದನೆಯ ಮರದ ಹಿಡಿಯ ಒಂದು ತುದಿಯನ್ನು ಸ್ಪೀಕರಿನ ಅಂಚಿಗೆ, ಇನ್ನೊಂದನ್ನು ತಮ್ಮ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಾರೆ. ಅವರ ಕೆಲಸ ನೋಡಲು ಬಂದ ನಾನು ಗಂಟಲು ಸರಿಮಾಡಿಕೊಂಡರೆ ಬೆರಳೆತ್ತಿ ಗದರಿಸುತ್ತಾರೆ. ವಾಹನಗಳ ಸದ್ದು ಶುರುವಾದರೆ ಈ ಕೆಲಸ ಆಗುವುದಿಲ್ಲ.

ಕೆಟ್ಟ ಸ್ಪೀಕರುಗಳಿಗೆ ಹೊಸ ಕಾಯಿಲ್, ಅಂದರೆ ತಂತಿಯ ಸುರುಳಿ, ಕೂರಿಸುವುದು ಮೂವತ್ತೊಂದು ವರ್ಷಗಳಿಂದ ಇವರ ಕಸುಬು. ಅಯಸ್ಕಾಂತದ ಸುತ್ತ ಕೂರುವ ಕಾಯಿಲ್ ಕೂದಲೆಳೆಯಷ್ಟು ವಾಲಿದರೂ ಉಜ್ಜಿಕೊಂಡು, ಮಾತೆಲ್ಲ ಕರಕರ ಎನ್ನುತ್ತದೆ. ಆ ಉಜ್ಜಾಟವನ್ನು ಇವರು ಪತ್ತೆಹಚ್ಚುತ್ತಿದ್ದುದು ಸ್ಪೀಕರನ್ನು ಕೂಸಿನ ಹಾಗೆ ಎದೆಗವಚಿಕೊಂಡು. "ಕಿವಿ ಮೋಸ ಮಾಡುತ್ತೆ ಸಾರ್, ಎದೆ ಮೂಳೆ ಮಾಡಲ್ಲ" ಎನ್ನುತ್ತಾರೆ. ಆಮೇಲೆ ತಾವೇ ನಗುತ್ತಾರೆ: "ಮೂಳೆ ಮಾಡ್ಲಿಲ್ಲ, ಒಳಗಿರೋದು ಮಾಡ್ತು."

ಮೂರು ತಿಂಗಳ ಹಿಂದೆ ಎರಡು ಸಲ ಅಂಗಡಿಯಲ್ಲೇ ಕಣ್ಣು ಕತ್ತಲೆಗಟ್ಟಿ ಬಿದ್ದರು. ನಾಡಿ ನಿಮಿಷಕ್ಕೆ ಮೂವತ್ತನಾಲ್ಕಕ್ಕೆ ಇಳಿದಿತ್ತು. ವೈದ್ಯರು ಎಡ ಹೆಗಲ ಕೆಳಗೆ, ಚರ್ಮದೊಳಗೆ ಪೇಸ್‌ಮೇಕರ್ ಇಟ್ಟರು. ಆರು ವಾರ ಎಡಗೈಯನ್ನು ಹೆಗಲಿನಿಂದ ಮೇಲೆ ಎತ್ತುವಂತಿರಲಿಲ್ಲ. ಒಬ್ಬರೇ ಇರುವ ಮನೆಯಲ್ಲಿ ಅಂಗಿ ತೊಡುವುದೂ ಹರಸಾಹಸವೇ. ಹೆಂಡತಿ ತೀರಿಕೊಂಡು ಏಳು ವರ್ಷ. ದೂರದೂರಿನ ತಂಗಿ ದಿನಾ ಸಂಜೆ ಫೋನ್ ಮಾಡಿ, "ಅಣ್ಣಾ, ಇದೀಯಾ?" ಎನ್ನುತ್ತಾಳೆ. "ಇದೀನಮ್ಮ, ಬ್ಯಾಟರಿ ಹತ್ತು ವರ್ಷ ಬರುತ್ತಂತೆ" ಎನ್ನುತ್ತಾರೆ ಇವರು. ಆ ಎರಡು ನಿಮಿಷ ಕಳೆದರೆ, ಮರುದಿನ ಗಿರಾಕಿ ಬರುವ ತನಕ ಮಾತಾಡಲು ನರಪಿಳ್ಳೆಯಿಲ್ಲ.

ಅಯಸ್ಕಾಂತ ಎದೆಯ ಹತ್ತಿರ ಬಂದರೆ ಒಳಗಿನ ಯಂತ್ರದ ತಾಳ ತಪ್ಪುತ್ತದೆ, ಒಂದು ಮೊಳವಾದರೂ ದೂರವಿಡಿ ಎಂದು ವೈದ್ಯರು ಹೇಳಿದ್ದಾರೆ. ಮೇಜಿನ ಮೇಲೆ ಕೆಂಪು ಬಣ್ಣದ ಗೆರೆಯಿದೆ. ಸ್ಪೀಕರ್ ಆಚೆ, ಇವರು ಈಚೆ. ದಿನಕ್ಕೆ ಆರು ಮುಗಿಸುತ್ತಿದ್ದವರಿಗೆ ಈಗ ಎರಡಾದರೆ ಹೆಚ್ಚು. "ಅವಳು ಹೋದ್ಮೇಲೆ ತಬ್ಕೊಳೋಕೆ ಇದ್ದಿದ್ದು ಇದೊಂದೇ ಸಾರ್. ಅದೂ ಬೇಡ ಅಂದ್ಬಿಟ್ರು."

ಕೆಲಸಕ್ಕೆ ಮರಳಿದ ಮೊದಲ ವಾರವೇ ಬಸ್ ನಿಲ್ದಾಣದ ಸ್ಪೀಕರ್ ಬಂತು. ಬರೀ ಕಿವಿಯನ್ನು ನಂಬಿ ಕಳಿಸಿದರು. ಮೂರೇ ದಿನಕ್ಕೆ ವಾಪಸ್. ಕರಕರದಲ್ಲಿ ಊರಿನ ಹೆಸರು ತಿಳಿಯದೆ ಮುದುಕಿಯೊಬ್ಬಳು ಬಸ್ಸು ತಪ್ಪಿಸಿಕೊಂಡು ಇಡೀ ಮಧ್ಯಾಹ್ನ ಕಾದಿದ್ದಳಂತೆ. "ಸಾಕು ಮಾಮ, ಆರಾಮಾಗಿ ಮನೇಲಿರಿ, ಬೇರೆಯವರ ಹತ್ರ ಮಾಡಿಸ್ತೀವಿ" ಎಂದ ನಿಲ್ದಾಣದ ಮೇಲ್ವಿಚಾರಕ. "ಇನ್ನೊಂದ್ಸಲ ನೋಡ್ತೀನಿ. ಮತ್ತೆ ಕರಕರ ಅಂದ್ರೆ ನಾನೇ ಅಂಗಡಿ ಮುಚ್ತೀನಿ" ಎಂದರು ಇವರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ಇವರ ಕೈಗೆ ಸಿಕ್ಕಿದ್ದು ಪೊರಕೆ ಹಿಡಿ. ಮರ ಸದ್ದನ್ನು ಹೊತ್ತು ತರುತ್ತದೆ. ಒಂಬತ್ತು ಸಲ ಬಿಚ್ಚಿ ಕೂರಿಸಿದ ಆ ಸ್ಪೀಕರೇ ಈಗ ಗೆರೆಯಾಚೆ ಇರುವುದು.

ಏಳಕ್ಕೆ ನಿಲ್ದಾಣದವರು ಬಂದು ಅದನ್ನು ಒಯ್ಯುತ್ತಾರೆ. ಒಂಬತ್ತಕ್ಕೆ ನಾವಿಬ್ಬರೂ ನಿಲ್ದಾಣದಲ್ಲಿದ್ದೇವೆ. ಮಾಮ ಸ್ಪೀಕರ್ ಕಟ್ಟಿದ ಕಂಬದ ಕೆಳಗಿನ ಬೆಂಚಿನಲ್ಲಿ ಕೂತು ಮೊಣಕಾಲು ಹಿಡಿದುಕೊಂಡಿದ್ದಾರೆ. ಮೇಲಿನಿಂದ ದನಿ ಬರುತ್ತದೆ: ಊರಿನ ಹೆಸರು, ಹೊರಡುವ ಹೊತ್ತು, ಬಸ್ಸು ನಿಲ್ಲುವ ಜಾಗ. ಒಂದೊಂದು ಅಕ್ಷರವೂ ತೊಳೆದಿಟ್ಟಂತಿದೆ. ಜನ ಚೀಲ ಎತ್ತಿಕೊಂಡು ಏಳುತ್ತಾರೆ. ಯಾರೂ ಕಂಬದತ್ತ ನೋಡುವುದಿಲ್ಲ. ಸೋಮವಾರ ಇನ್ನೆರಡು ಕಳಿಸುತ್ತೇನೆಂದು ಮೇಲ್ವಿಚಾರಕ ದೂರದಿಂದಲೇ ಕೂಗಿ ಹೇಳುತ್ತಾನೆ.

ಬೆಂಚು ಖಾಲಿಯಾಗುತ್ತದೆ. ಕೊನೆಗೆ ಎದ್ದ ಹೆಂಗಸೊಬ್ಬಳು ಇವರು ಕೂತೇ ಇರುವುದನ್ನು ಕಂಡು ನಿಲ್ಲುತ್ತಾಳೆ. "ಅಣ್ಣಾ, ನಿಮ್ದು ಯಾವ ಬಸ್ಸು?"

"ನಂಗ್ಯಾವ ಬಸ್ಸೂ ಇಲ್ಲಮ್ಮ" ಎನ್ನುತ್ತಾರೆ ಮಾಮ. "ನಿಂಗೆ ಸರಿಯಾಗಿ ಕೇಳಿಸ್ತಲ್ಲ? ಹೋಗು, ಹೊರಟುಬಿಟ್ಟೀತು."