ಬೂದಿಗೆ ಜಾಗ ಇಲ್ಲ ಅಂದದ್ದು

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಕನ್ನಡಕ ಒರೆಸಿಕೊಂಡು ಎದ್ದುಹೋಗಿದ್ದೇನೆ. ವರ್ಷಗಳು ಹೀಗೇ ಕಳೆದವು. ಈಗ ಹೇಳಿ ಯಾರಿಗೆ ಏನು ಪ್ರಯೋಜನವೋ ಗೊತ್ತಿಲ್ಲ. ಆದರೂ ಹೇಳುತ್ತೇನೆ.

ನನ್ನ ಓದು ಎಸ್ಸೆಸ್ಸೆಲ್ಸಿವರೆಗೆ. ಗುಬ್ಬಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ನಾನು ಹಿರಿಯ. ಸಮಾಧಿ ಸ್ಥಳದ ಉಸ್ತುವಾರಿಯೂ ನನ್ನದೇ. ಯಾರನ್ನು ಎಲ್ಲಿ ಹೂಳಬೇಕೆಂದು ಅಳೆದು ತೋರಿಸುತ್ತಿದ್ದವನು ನಾನು. ಈಸ್ಟರ್ ದಿನ ಬೆಳಕು ಹರಿಯುವ ಹೊತ್ತಿಗೆ ನಾವೆಲ್ಲ ಅಲ್ಲಿ ಸೇರುತ್ತೇವೆ. ಒಂದೊಂದು ಮನೆಯವರು ತಮ್ಮವರ ಸಮಾಧಿ ಪಕ್ಕ ಮೇಣದಬತ್ತಿ ಹಚ್ಚಿ ನಿಂತು ಹಾಡುತ್ತಾರೆ. ಕಡೇ ದಿನ ಸತ್ತವರು ದೇಹ ಸಮೇತ ಎದ್ದು ಬರುತ್ತಾರೆಂಬ ನಂಬಿಕೆ ನಮಗೆ ಹಾಗೆ ನಿಂತು ನಿಂತೇ ಬಂದದ್ದು.

ಕೊರೋನಾ ಕಾಲದಲ್ಲಿ ನನ್ನ ತಮ್ಮ ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಹೆಣ ಊರಿಗೆ ತರುವಂತಿರಲಿಲ್ಲ. ಸುಡುವುದಕ್ಕೆ ಒಪ್ಪಿ ಅವನ ಹೆಂಡತಿ ಸೈನ್ ಹಾಕಿದಳು. ನಾನು ಭಯದಿಂದ ಮನೆಯ ಬಾಗಿಲು ಹಾಕಿಕೊಂಡು ಕೂತಿದ್ದೆ.

ಬಸ್ಸು, ಆರಾಧನೆ ಮತ್ತೆ ಶುರುವಾದ ಮೇಲೆ ಒಂದು ಭಾನುವಾರ ಅವಳು ಕುಣಿಗಲ್‌ನಿಂದ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಕುಡಿಕೆ.

"ಭಾವ, ಅತ್ತೆ ಮಾವನ ಪಕ್ಕ ಒಂದು ಮೊಳ ಜಾಗ ಕೊಡಿ. ಈಸ್ಟರ್‌ಗೆ ಬಂದ್ರೆ ನಿಂತ್ಕೊಳಕ್ಕೆ ನಂಗೂ ಒಂದ್ ಕಡೆ ಇರ್ಲಿ."

ಜನ ಇನ್ನೂ ಅಂಗಳದಲ್ಲೇ ಇದ್ದರು. ನಾನು ಬೈಬಲ್ಲನ್ನು, ನಮ್ಮ ಸತ್ಯವೇದವನ್ನು, ತೆರೆದೆ. ಒಬ್ಬ ಅರಸನ ಎಲುಬು ಸುಟ್ಟು ಸುಣ್ಣ ಮಾಡಿದ ಜನರನ್ನು ದೇವರು ದಂಡಿಸಿದ್ದು ಅದರಲ್ಲಿದೆ. ಆ ಸಾಲಿಗೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದಿಟ್ಟಿದ್ದೆ. ಎಲ್ಲರಿಗೂ ಕೇಳುವಂತೆ ಓದಿದೆ.

"ಬೂದಿಗೆ ಇಲ್ಲಿ ಜಾಗ ಇಲ್ಲ ಕಣಮ್ಮ. ಸುಡಕ್ಕೆ ಸೈನ್ ಹಾಕ್ದೋಳು ನೀನು. ಕಡೇ ದಿನ ಅವನು ಏನಿಟ್ಕೊಂಡು ಏಳ್ತಾನೆ?"

"ಏಳಲ್ವಾ ಭಾವ?"

"ಏಳಲ್ಲ" ಅಂದೆ.

ಅವಳು ಕುಡಿಕೆಯನ್ನು ಸೆರಗಿನೊಳಗೆ ಸೇರಿಸಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದಳು. ಆಮೇಲೆ ಸಭೆಗೆ ಬರಲಿಲ್ಲ.

ಮುಂದೆ ಮೊಣಕಾಲು ಕೈಕೊಟ್ಟು ಮನೆಯಲ್ಲೇ ಉಳಿದೆ. ಆಗ ಸತ್ಯವೇದವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಅಲ್ಲಿಯವರೆಗೆ ಓದಿದ್ದೆಲ್ಲ ಗೆರೆ ಎಳೆದ ಸಾಲುಗಳನ್ನಷ್ಟೇ. ನಾನು ಅವಳಿಗೆ ಓದಿದ ಆ ಸಾಲಿನಲ್ಲಿ ದೇವರ ಕೋಪ ಹಗೆಯಿಂದ ಸುಟ್ಟವರ ಮೇಲಿನದು. ಇನ್ನೊಂದು ಕಡೆ, ಸೋತ ಅರಸನ ಹೆಣವನ್ನು ಶತ್ರುಗಳ ಗೋಡೆಯಿಂದ ಇಳಿಸಿ ತಂದು, ಸುಟ್ಟು, ಎಲುಬು ಹೂಳಿದವರಿದ್ದಾರೆ. ನೀವು ದಯೆ ತೋರಿಸಿದಿರಿ ಎಂದು ಮುಂದಿನ ಅರಸ ಅವರನ್ನು ಹರಸುತ್ತಾನೆ. ಕಡೇ ದಿನ ಸಮುದ್ರ ಕೂಡ ತನ್ನೊಳಗಿನ ಸತ್ತವರನ್ನು ಒಪ್ಪಿಸುತ್ತದೆ. ಸಮುದ್ರದಲ್ಲಿ ಯಾರ ಎಲುಬು ಉಳಿದಿರುತ್ತದೆ?

ಅಷ್ಟೂ ಪುಟಗಳಿಗೆ ಚೀಟಿ ಇಟ್ಟುಕೊಂಡು ಕುಣಿಗಲ್‌ಗೆ ಹೋದೆ. ಅವಳು ಕಾಫಿ ಕೊಟ್ಟು ಎದುರಿಗೆ ಕೂತಳು.

"ಏನ್ ಭಾವ, ಪರೀಕ್ಷೆಗೆ ಹೊರಟೋರ ಥರ ಇಷ್ಟೊಂದು ಚೀಟಿ?"

ಒಂದೊಂದೇ ಓದಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಹಂಗಾದ್ರೆ ಅವರು ಏಳ್ತಾರೆ ಅಂತೀರಾ? ಆವತ್ತು ಏಳಲ್ಲ ಅಂದೋರೂ ನೀವೇ ಅಲ್ವಾ?"

"ಆಗ ಪೂರ್ತಿ ಓದಿರ್ಲಿಲ್ಲ ಕಣಮ್ಮ."

"ನಾನೂ ಓದಿಲ್ಲ. ಆದ್ರೆ ನಾನು ಯಾರ್ಗೂ ಏಳಲ್ಲ ಅಂದಿಲ್ಲ."

ತಪ್ಪಾಯ್ತು ಎಂಬ ಮಾತು ಗಂಟಲವರೆಗೆ ಬಂತು. ಬಾಯಿಂದ ಹೊರಟದ್ದು ಮಾತ್ರ ಸತ್ಯವೇದದ ಮತ್ತೊಂದು ವಚನ.

"ಸಾಕು ಬುಡಿ ಭಾವ, ಕಾಫಿ ಆರೋಗ್ತದೆ. ನನ್ನೂ ಸುಟ್ಬುಡು ಅಂತ ಮಗಳಿಗೆ ಹೇಳಿದೀನಿ. ಅವರು ಏಳದೇ ಇದ್ರೆ ನಾನೊಬ್ಳೇ ಎದ್ದು ಏನ್ ಮಾಡ್ಲಿ?"

ಹೋದ ತಿಂಗಳು ಅವಳು ತೀರಿಕೊಂಡಳು. ಮಗಳು ತಾಯಿಯ ಮಾತು ನಡೆಸಿದಳು. "ದೊಡ್ಡಪ್ಪ, ನೀವೇ ಪ್ರಾರ್ಥನೆ ಮಾಡಿ" ಅಂದಳು. ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಸುಟ್ಟಿದ್ದಕ್ಕೆ ನನಗೀಗ ಭಯವಿಲ್ಲ. ಇಬ್ಬರೂ ಏಳುತ್ತಾರೆಂದು ನಂಬುತ್ತೇನೆ. ಆದರೆ ಅವಳು ನಂಬಿಕೊಂಡು ಹೋದದ್ದು ನಾನು ಅಂಗಳದಲ್ಲಿ ಆಡಿದ ಮಾತನ್ನು. ಅದನ್ನು ಇನ್ನು ಯಾರು ಹಿಂದಕ್ಕೆ ತೆಗೆದುಕೊಳ್ಳಬೇಕು?

ಪಾಸ್ಟರ್ ಮುಂದೆ ಅತ್ತಿದ್ದೇನೆ. ಸಭೆಯ ಮುಂದೆ ಒಪ್ಪಿಕೊಂಡಿದ್ದೇನೆ. ದೇವರನ್ನಂತೂ ದಿನಾ ಬೇಡುತ್ತೇನೆ. ಕ್ಷಮಿಸು ಎಂದು ಕೇಳದೇ ಬಿಟ್ಟದ್ದು ಒಬ್ಬಳನ್ನೇ, ನನ್ನ ತಮ್ಮನ ಹೆಂಡತಿಯನ್ನು.